ಪ್ಲಿಮತ್ ಗುಡ್ಡ ಹತ್ತಿತು

ರಾಜರ್ಸ್ ಸಿಟಿ, ಮಿಷಿಗನ್
ಭಾನುವಾರ, ಜೂನ್ ೧೮, ೧೯೬೧
ಚರ್ಚಿನಿಂದ ಬಂದ ಮೇಲೆ

ಪ್ರೀತಿಯ ಕ್ಲೆಮ್,

ಮೊದಲು ನಿನ್ನ ಬೆನ್ನು ಹೇಗಿದೆ, ಅದನ್ನು ತಿಳಿಸು. ಹೋದ ಕಾಗದದಲ್ಲಿ ‘ಪರವಾಗಿಲ್ಲ’ ಎಂದು ಒಂದೇ ಮಾತು ಗೀಚಿದ್ದೀಯ. ಹತ್ತೊಂಬತ್ತು ವರ್ಷ ನಿನ್ನೊಡನೆ ಬಾಳಿದವಳಿಗೆ ಆ ‘ಪರವಾಗಿಲ್ಲ’ದ ಅರ್ಥ ಗೊತ್ತು: ಬಗ್ಗಿದರೆ ಏಳಲಾಗದು, ಎದ್ದರೆ ಬಗ್ಗಲಾಗದು. ಮಲಗುವಾಗ ಮಂಡಿಯ ಕೆಳಗೆ ದಿಂಬು ಇಟ್ಟುಕೋ. ಹಡಗಿನ ಹಬೆಯ ಕೊಳವೆ ತಾಗಿ ಸುಟ್ಟ ಮುಂಗೈ ಒಣಗಿತೇ? ಬೆಣ್ಣೆ ಹಚ್ಚಕೂಡದು ಎಂದು ಡೊಲೊರೆಸ್ ಕಟ್ಟಪ್ಪಣೆ ಮಾಡಿದ್ದಾಳೆ. ನರ್ಸಿಂಗ್ ಶಾಲೆಗೆ ಸೇರಿ ವರ್ಷ ತುಂಬಿಲ್ಲ, ನಿನ್ನ ಮಗಳು ಆಗಲೇ ಇಡೀ ಮನೆತನಕ್ಕೆ ಡಾಕ್ಟರಾಗಿದ್ದಾಳೆ. ಹೋದ ವಾರ ಬಂದವಳು ಅಜ್ಜಿಗೆ ಉಪ್ಪು ಕಡಿಮೆ ಮಾಡಿ ಎಂದಳು. ನಿನ್ನಮ್ಮ ಅವಳ ಎದುರಿಗೇ ಸಾಸೇಜಿನ ಎರಡನೇ ತುಂಡು ಬಡಿಸಿಕೊಂಡರು.

ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನಮ್ಮನ ಕಣ್ಣಿನ ಪೊರೆ ಇನ್ನೂ ಬಲಿತಿಲ್ಲವಂತೆ, ಶಸ್ತ್ರಕ್ರಿಯೆ ಶರತ್ಕಾಲಕ್ಕೆ ನೋಡೋಣ ಎಂದಿದ್ದಾರೆ ಆಲ್ಪೀನದ ಡಾಕ್ಟರು. ಎದುರು ಬಂದವರ ಮುಖ ಅವರಿಗೆ ಮಂಜುಮಂಜು. ಆದರೆ ನಾನು ಮಾಡಿದ ಆಲೂಗಡ್ಡೆ ಕಡುಬಿನ ಅಂಚು ಎಲ್ಲಿ ಬಿಟ್ಟುಕೊಂಡಿದೆ ಎಂಬುದು ಮಾತ್ರ ಮೇಜಿನ ಆ ತುದಿಯಿಂದ ಕಾಣುತ್ತದೆ. ಟೊಮೇಟೊ ಸಸಿ ನೆಟ್ಟಾಯಿತು. ಹಿತ್ತಿಲ ಬೇಲಿಯ ಎರಡು ಹಲಗೆ ಚಳಿಗಾಲದಲ್ಲಿ ಬಿದ್ದಿದ್ದವಲ್ಲ, ಅವನ್ನೂ ಬಡಿದು ನಿಲ್ಲಿಸಿದ್ದೇನೆ.

ಈಗ ಕಾರಿನ ಸುದ್ದಿ. ನಿಂತು ಓದುತ್ತಿದ್ದರೆ ಕುಳಿತುಕೋ. ಕುಳಿತಿದ್ದರೆ ಕಾಫಿ ಲೋಟ ಕೆಳಗಿಡು.

ಮೇ ತಿಂಗಳಲ್ಲಿ ಕಾರು ಕೈಕೊಟ್ಟಿತು ಎಂದಷ್ಟೇ ಬರೆದಿದ್ದೆ, ಹೇಗೆ ಕೈಕೊಟ್ಟಿತು ಎಂದು ಬರೆದಿರಲಿಲ್ಲ, ನಿನಗೆ ಯಾಕೆ ಚಿಂತೆ ಎಂದು. ಕಣ್ಣಿನ ಡಾಕ್ಟರ ಬಳಿಯಿಂದ ನಾನೂ ನಿನ್ನಮ್ಮನೂ ಹಿಂದಿರುಗುವಾಗ ಪೋಸೆನ್ ಊರು ದಾಟುತ್ತಿದ್ದಂತೆ ಪ್ಲಿಮತ್ ಕಾರು ಕೆಮ್ಮಲು ಶುರುಮಾಡಿತು. ಮೊದಲು ಕ್ಷಯದವರಂತೆ ಮೆಲ್ಲಗೆ, ಆಮೇಲೆ ನಾಯಿಕೆಮ್ಮಿನ ಮಗುವಿನಂತೆ ಮೈಯೆಲ್ಲ ಅಲುಗಿಸಿ. ಕೊನೆಗೆ ಒಂದು ಆಲೂಗಡ್ಡೆ ಹೊಲದ ಮುಂದೆ ನಿಂತೇಬಿಟ್ಟಿತು. ಆ ಹೊಲದವನು ಪುಣ್ಯಾತ್ಮ, ತನ್ನ ಲಾರಿಯಲ್ಲಿ ನಮ್ಮನ್ನು ಊರಿಗೆ ತಂದು ಬಿಟ್ಟ. ಮುಂದಿನ ಸೀಟಿನಲ್ಲಿ ಅವನ ದೊಡ್ಡ ನಾಯಿ ಕುಳಿತಿತ್ತು, ಅದು ಏಳಲು ಒಪ್ಪಲಿಲ್ಲ. ಹಾಗಾಗಿ ನಿನ್ನಮ್ಮ ಚರ್ಚಿನ ಟೋಪಿ ಇಟ್ಟುಕೊಂಡು, ಕೈಚೀಲವನ್ನು ತೊಡೆಯ ಮೇಲೆ ಅವುಚಿಕೊಂಡು, ಹಿಂದೆ ಆಲೂಗಡ್ಡೆ ಮೂಟೆಗಳ ಮೇಲೆ ರಾಣಿಯಂತೆ ಕುಳಿತು ಊರ ನಡುಬೀದಿಯಲ್ಲಿ ಮೆರವಣಿಗೆ ಬಂದರು. ಇಳಿದ ಮೇಲೆ ಒಂದೇ ಮಾತು: “ನಾನು ಪೋಲೆಂಡ್ ಬಿಟ್ಟು ಬಂದಿದ್ದು ಇಂಥ ಮೂಟೆಗಳ ಮೇಲೇನೇ, ಜೆನ್ಯಾ. ಐವತ್ತು ವರ್ಷ ಆದ್ಮೇಲೂ ಅಲ್ಲೇ ಇದ್ದೀನಿ ನೋಡು.”

ಗ್ಯಾರೇಜಿನ ಆರ್ವಿಲ್ ಟ್ರೆಪ್ ಕಾರನ್ನು ಎಳೆದು ತಂದ. ಬಾನೆಟ್ ಎತ್ತಿದ, ಎರಡು ನಿಮಿಷ ನೋಡಿದ, ಸಾವಿನ ಮನೆಯಲ್ಲಿ ಇಳಿಸುವ ಹಾಗೆ ಟೋಪಿ ಇಳಿಸಿದ. “ಎಂಜಿನ್ ಸುಸ್ತಾಗಿದೆ ಕಣಮ್ಮ. ಮಾರ್ಬಿಡಿ. ಕ್ಲೆಮ್‌ಗೆ ನಾನು ಹೇಳ್ತೀನಿ” ಎಂದ. ನಿನಗೆ ಬರೆದೆ. ನಿನ್ನ ಉತ್ತರ ಬಂತು: “ಮಾರಬೇಡ. ಮುಟ್ಟಲೂ ಬೇಡ. ಡಿಸೆಂಬರಿನಲ್ಲಿ ಬಂದು ನಾನೇ ಸರಿಮಾಡುತ್ತೇನೆ.” ಮಾರಲಿಲ್ಲ. ಮೊದಲ ಮಾತು ನಡೆಸಿದ್ದೇನೆ, ಎರಡನೆಯದು ನನ್ನಿಂದಾಗಲಿಲ್ಲ. ಡಿಸೆಂಬರಿಗೆ ಏಳು ತಿಂಗಳಿತ್ತು, ಕ್ಲೆಮ್. ಏಳು ತಿಂಗಳು ಷೆಡ್ಡಿನ ಬಾಗಿಲು ತೆರೆದಾಗಲೆಲ್ಲ ಆ ಕಾರು ನನ್ನ ಮುಖ ನೋಡುತ್ತಾ ನಿಂತಿರುವುದೆಂದರೆ!

ಮುಟ್ಟುವುದಕ್ಕೆ ಮೊದಲು ಬಹಳ ಯೋಚಿಸಿದೆ ಎಂಬುದನ್ನೂ ನಂಬು. ಹೋದ ಜನವರಿಯಲ್ಲಿ ನೀನು ಷೆಡ್ಡಿನಿಂದ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದು ಹೇಳಿದ್ದು ನೆನಪಿತ್ತು: “ಈ ಮನೇಲಿ ಎಲ್ಲಾನೂ ನಾನಿಲ್ಲದೇನೆ ನಡೆಯುತ್ತೆ ಜೆನ್, ಆ ಕಾರೊಂದು ಬಿಟ್ಟು.” ನಗುತ್ತಲೇ ಹೇಳಿದ್ದೆ, ನಾನೂ ನಕ್ಕಿದ್ದೆ. ಆದರೆ ಆ ಮಾತು ಒಳಗೆಲ್ಲೋ ಕುಳಿತಿತ್ತು. ಒಲೆ ನನ್ನದು, ಬೇಲಿ ನನ್ನದು, ಮಗಳ ಶಾಲೆ, ಛಾವಣಿ, ಚಿಮಣಿ, ಎಲ್ಲವೂ ನನ್ನ ಕೈಗೇ ಬಂದು ಬಿದ್ದವು. ನಾನು ಬಯಸಿದ್ದಲ್ಲ, ನೀನು ವರ್ಷಕ್ಕೆ ಒಂಬತ್ತು ತಿಂಗಳು ಹಡಗಿನಲ್ಲಿ, ನೀರ ಮೇಲಿರುವುದರಿಂದ. ಉಳಿದಿದ್ದ ಒಂದನ್ನೂ ಕಿತ್ತುಕೊಂಡಂತಾಗುತ್ತದೆಯೇ ಎಂದು ಒಂದು ವಾರ ಒದ್ದಾಡಿದೆ. ಆಮೇಲೆ ಅನ್ನಿಸಿತು, ಓಡದ ಕಾರನ್ನು ಕಾದಿರಿಸಿದರೆ ನಿನಗೆ ಯಾವ ಗೌರವ ಬಂತು?

ಲೈಬ್ರರಿಯಲ್ಲಿ ಕಾರು ರಿಪೇರಿಯ ದಪ್ಪ ಪುಸ್ತಕವಿತ್ತು. ಅದರ ಚೀಟಿಯಲ್ಲಿ ನನಗೆ ಮೊದಲು ಎರವಲು ಪಡೆದವರ ಹೆಸರೇ ಇರಲಿಲ್ಲ. ಮೂರು ದಿನ ಊಟದ ಮೇಜಿನ ಮೇಲಿಟ್ಟುಕೊಂಡು ಓದಿದೆ. ಮೊದಲ ದಿನ ಒಂದಕ್ಷರ ತಲೆಗೆ ಹತ್ತಲಿಲ್ಲ. ಎರಡನೇ ದಿನ ನನ್ನ ಹೊಲಿಗೆಯಂತ್ರ ಜ್ಞಾಪಕಕ್ಕೆ ಬಂತು. ಇಪ್ಪತ್ತು ವರ್ಷದಿಂದ ಅದನ್ನು ನಾನೇ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ದಾರದ ಬಿಗಿ ನೋಡಿ ಜೋಡಿಸುತ್ತಿಲ್ಲವೇ? ಸೂಜಿ ಕೆಳಗಿಳಿಯುವ ಕ್ಷಣಕ್ಕೆ ಸರಿಯಾಗಿ ಕೆಳಗಿನ ದಾರ ಬಂದು ಸೇರದಿದ್ದರೆ ಹೊಲಿಗೆ ಬೀಳುವುದಿಲ್ಲ. ಎಂಜಿನ್ನಿನಲ್ಲೂ ಅಷ್ಟೇ: ಪೆಟ್ರೋಲಿನ ಹಬೆ ಬಂದು ತುಂಬಿದ ಕ್ಷಣಕ್ಕೆ ಸರಿಯಾಗಿ ಕಿಡಿ ಹಾರಬೇಕು. ಮುಂಚೆಯೂ ಅಲ್ಲ, ತಡವಾಗಿಯೂ ಅಲ್ಲ. ಇಷ್ಟು ತಿಳಿದ ಮೇಲೆ ಉಳಿದ ಪುಟಗಳು ಸಲೀಸಾಗಿ ಸಾಗಿದವು.

ಕೆಲಸ ಶುರುಮಾಡಿದ್ದು ಜೂನ್ ಐದರ ಸೋಮವಾರ, ಬಟ್ಟೆ ಒಗೆದು ಹರವಿದ ಮೇಲೆ. ನಿನ್ನ ಹಳೆಯ ಪ್ಯಾಂಟು ತೊಟ್ಟೆ. ನಿನ್ನಮ್ಮ ಕುರ್ಚಿ ತಂದು ಷೆಡ್ಡಿನ ಬಾಗಿಲಲ್ಲಿ ಹಾಕಿಕೊಂಡು ಕುಳಿತರು, ಕೈಯಲ್ಲಿ ಜಪಮಾಲೆ. “ಕಾರಿಗಾಗಿ ಪ್ರಾರ್ಥನೆ ಮಾಡ್ತಿದ್ದೀರಾ ಅಮ್ಮ?” ಎಂದೆ. “ನಿನಗಾಗಿ ಕಣೆ. ಕಾರಿಗೆ ಆತ್ಮ ಇಲ್ಲ” ಎಂದರು. ಮೊದಲು ಎಂಜಿನ್ ಆಯಿಲ್ ಇಳಿಸಿದೆ. ಹಿಡಿಯಲು ಪಾತ್ರೆ ಸಿಗದೆ, ಅವರು ಕೋಸು ಹುಳಿಹಾಕುವ ಎನಾಮಲ್ ಬೋಗುಣಿಯನ್ನು ಕೆಳಗೆ ತಳ್ಳಿದ್ದೆ. ಕಣ್ಣು ಮಂಜಾದರೇನು, ಬೋಗುಣಿಯ ಸದ್ದು ಅವರ ಕಿವಿಗೆ ಬಿತ್ತು. ಆಮೇಲೆ ನಾನು ಕೇಳಿದ ಪೋಲಿಷ್ ಮಾತುಗಳಲ್ಲಿ ಅರ್ಧ ಈ ಜನ್ಮದಲ್ಲಿ ಕೇಳಿದವಲ್ಲ. ಹೊಸ ಬೋಗುಣಿ ಕೊಡಿಸಿದ್ದೇನೆ, ನೀನು ಕೇಳಿದರೆ ಹಳೆಯದೇ ಚೆನ್ನಾಗಿತ್ತು ಎನ್ನುತ್ತಾರೆ. ಇಳಿದ ಆಯಿಲ್ ಕಾಕಂಬಿಯಂತೆ ಕಪ್ಪಗೆ, ಗಟ್ಟಿಯಾಗಿತ್ತು. ಹೊಸ ಫಿಲ್ಟರ್ ಹಾಕಿ ಹೊಸ ಆಯಿಲ್ ಸುರಿದಾಗ, ಮಗುವಿಗೆ ಸ್ನಾನ ಮಾಡಿಸಿ ಒಗೆದ ಅಂಗಿ ತೊಡಿಸಿದಂತಾಯಿತು.

ಮಾರನೇ ದಿನ ನಾನು ಮಾಡಿದ ತಪ್ಪನ್ನೂ ಮುಚ್ಚಿಡದೆ ಬರೆಯುತ್ತೇನೆ, ನನ್ನ ಬಡಾಯಿಯನ್ನೇ ಓದಿ ನಿನಗೆ ಬೇಸರವಾಗಬಾರದು. ಕಿಡಿ ಹಾರಿಸುವ ಆರು ಪ್ಲಗ್ಗುಗಳಿಗೆ ಹೋಗುವ ಆರು ತಂತಿಗಳಿವೆಯಲ್ಲ, ಒಂದನ್ನು ಬಿಚ್ಚಿ, ಒರೆಸಿ, ಅದನ್ನು ಹಾಕಿದ ಮೇಲೆಯೇ ಇನ್ನೊಂದನ್ನು ಬಿಚ್ಚಬೇಕು ಎಂದು ಪುಸ್ತಕ ದಪ್ಪಕ್ಷರದಲ್ಲಿ ಹೇಳಿತ್ತು. ನಾನು ಆರನ್ನೂ ಒಟ್ಟಿಗೆ ಕಿತ್ತೆ. ಸೀಮೆಣ್ಣೆಯಲ್ಲಿ ಚೊಕ್ಕಟವಾಗಿ ಒರೆಸಿ, ಉದ್ದದ ಪ್ರಕಾರ ಮೇಜಿನ ಮೇಲೆ ಸಾಲಾಗಿ ಮಲಗಿಸಿದೆ, ಕಾಲುಚೀಲ ಜೋಡಿಸುವ ಹಾಗೆ. ಆಮೇಲೆ ಅದೇ ಸಾಲಿನಲ್ಲಿ ಹಾಕಿ ಕೀಲಿ ತಿರುಗಿಸಿದೆ. ಹಿಂದಿನ ಕೊಳವೆಯಿಂದ ಬಂದ ಶಬ್ದ ಫಿರಂಗಿಯದು! ಷೆಡ್ಡಿನ ಮಾಡಿನಿಂದ ಧೂಳು ಉದುರಿತು, ಪಕ್ಕದ ಮನೆಯ ಅರ್ಲೀನ್ ಕೈಯಲ್ಲಿ ಹಿಟ್ಟಿನ ಲಟ್ಟಣಿಗೆ ಹಿಡಿದೇ ಓಡಿ ಬಂದಳು, ನಿನ್ನಮ್ಮ “ಯೇಸು ಮರಿಯಾ!” ಎಂದು ಶಿಲುಬೆಯ ಗುರುತು ಹಾಕಿಕೊಂಡರು. ನಾನು ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ನೀನು ಮುಟ್ಟಬೇಡ ಎಂದಿದ್ದು ಸರಿ, ಆರ್ವಿಲ್ ಹೇಳಿದ್ದು ಸರಿ, ನಾನು ಮಾತ್ರ ತಪ್ಪು ಎನ್ನಿಸಿತು.

ನಿನ್ನಮ್ಮ ಎದ್ದು ಬಂದು ಕಾರಿನ ಬಾಗಿಲು ತಡವಿ ತೆರೆದರು. ಸಮಾಧಾನ ಹೇಳುತ್ತಾರೆಂದುಕೊಂಡೆ. “ಅತ್ತಿದ್ದು ಸಾಕು, ಬೆಳಕಿದ್ದಾಗ್ಲೇ ಮುಗಿಸು. ಸತ್ತಿರೋದು ಶಬ್ದ ಮಾಡಲ್ಲ ಜೆನ್ಯಾ. ಇದು ಶಬ್ದ ಮಾಡ್ತು ಅಂದ್ರೆ ಜೀವ ಇದೆ” ಎಂದರು. ಕಣ್ಣೊರೆಸಿಕೊಂಡು ಪುಸ್ತಕ ತೆಗೆದೆ. ಕಿಡಿ ಹಾರುವ ಸರದಿ ಅಲ್ಲಿತ್ತು: ಒಂದು, ಐದು, ಮೂರು, ಆರು, ಎರಡು, ನಾಲ್ಕು. ನಾನು ಓದಿ ಹೇಳಿದೆ, ಅವರು ಅದನ್ನು ಜಪಮಾಲೆಯ ಮಣಿಗಳ ಮೇಲೆ ಎಣಿಸುತ್ತಾ ಗಟ್ಟಿಯಾಗಿ ಒಪ್ಪಿಸತೊಡಗಿದರು. ಪಾದ್ರಿಗಳಿಗೆ ಹೇಳಬೇಡ. ನಾನು ಎಲ್ಲಾದರೂ ತಪ್ಪಿದರೆ “ಆರಲ್ಲ, ಮೂರು!” ಎಂದು ಗದರುತ್ತಿದ್ದರು. ಅರ್ಧ ಗಂಟೆಯಲ್ಲಿ ಆರೂ ತಂತಿ ತಮ್ಮ ತಮ್ಮ ಮನೆ ಸೇರಿದವು. ಈಗಲೂ ಅಡುಗೆಮನೆಯಲ್ಲಿ ಹಿಟ್ಟು ನಾದುವಾಗ ಅವರ ಬಾಯಲ್ಲಿ ಅದೇ ಪಾಠ.

ಇನ್ನು ಮುಂದಿನದನ್ನು ಹೇಗೆ ಬರೆಯುವುದೆಂದು ಎರಡು ಹಾಳೆ ಹರಿದೆ. ನೇರವಾಗಿಯೇ ಬರೆಯುತ್ತೇನೆ. ಆ ತಂತಿಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗೆ ಕೂಡಿ ಬಿಡುವ ಎರಡು ಲೋಹದ ತುದಿಗಳನ್ನು, ಅಂದರೆ ಪಾಯಿಂಟುಗಳನ್ನು ನೋಡಿದೆ. ಎರಡರ ಮುಖವೂ ಸುಟ್ಟು ಕುಳಿಬಿದ್ದಿತ್ತು. ಅವೆರಡರ ನಡುವಿನ ಸಂದು ಇಂಚಿನ ಸಾವಿರದಲ್ಲಿ ಇಪ್ಪತ್ತು ಭಾಗ ಇರಬೇಕು. ಅದನ್ನು ಅಳೆಯಲು ಫೀಲರ್ ಗೇಜ್ ಎಂಬುದೊಂದು ಸಿಗುತ್ತದೆ, ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ತೆಳು ಉಕ್ಕಿನ ಪಟ್ಟಿಗಳು, ಪ್ರತಿಯೊಂದರ ಮೇಲೂ ಅದರ ದಪ್ಪ ಕೊರೆದಿರುತ್ತದೆ. ನಿನ್ನ ಸಾಮಾನು ಪೆಟ್ಟಿಗೆಯಲ್ಲಿ ಹುಡುಕಿದೆ, ಇರಲಿಲ್ಲ. ಅಂಗಡಿಗೆ ಹೋಗಿ ಕೇಳಿದರೆ ಅಲ್ಲಿಯ ಮುದುಕ “ಕ್ಲೆಮ್ ಬಂದಿದ್ದಾನಾ?” ಎಂದ. “ಇಲ್ಲ, ಇದು ನನಗೆ” ಎಂದೆ. ಅವನು ನನ್ನ ಕೈಗಳನ್ನೇ ನೋಡುತ್ತಾ ಪೊಟ್ಟಣ ಕಟ್ಟಿದ. ತಂದು ಅಳೆದೆ. ಹದಿನಾಲ್ಕರ ಪಟ್ಟಿ ಹೋಯಿತು, ಹದಿನೈದರದು ಹೋಗಲಿಲ್ಲ. ಆಗ ಪೆಟ್ಟಿಗೆಯಲ್ಲಿ ಕಂಡ ಬೆಂಕಿಕಡ್ಡಿ ರಟ್ಟು ನೆನಪಾಯಿತು, ಅಂಚೆಲ್ಲ ಎಣ್ಣೆಯಾಗಿ ಕಪ್ಪಾದ ರಟ್ಟು. ಪ್ರತಿ ಚಳಿಗಾಲವೂ ನೀನು ಅದನ್ನು ಪಾಯಿಂಟುಗಳ ನಡುವೆ ತೂರಿಸಿ, ಒಂದು ಕಣ್ಣು ಮುಚ್ಚಿ, “ಸರಿಯಾಯ್ತು” ಎನ್ನುವುದನ್ನು ಎಷ್ಟು ಸಲ ನೋಡಿಲ್ಲ ನಾನು! ಆ ರಟ್ಟಿನ ದಪ್ಪವೂ ಹದಿನಾಲ್ಕೇ.

ನಿನ್ನಮ್ಮನಿಗೆ ಹೇಳಿದೆ. ಮಗನ ಪರ ನಿಲ್ಲುತ್ತಾರೆ, ಜಗಳವೇ ಆಗುತ್ತದೆ ಎಂದು ಹೆದರಿದ್ದೆ. ಅವರು ಭುಜ ಕುಣಿಸಿ ನಗಲು ಶುರುಮಾಡಿದರು. “ನಿನ್ನ ಮಾವಾನೂ ಅದೇ ರಟ್ಟಲ್ಲೇ ಅಳೀತಿದ್ರು ಕಣೆ! ಅವರ ಗಾಡೀನೂ ಯಾವತ್ತೂ ಗುಡ್ಡ ಹತ್ತಲಿಲ್ಲ. ಹತ್ತದೇ ಇದ್ದಾಗೆಲ್ಲ ‘ವಿಕ್ಟೋರಿಯಾ, ನೀನು ದಪ್ಪ ಆಗಿದ್ದೀಯ’ ಅಂತಿದ್ರು. ಮೂವತ್ತು ವರ್ಷ ನಾನು ರೊಟ್ಟಿ ಕಡಿಮೆ ತಿಂದೆ!” ಕ್ಲೆಮ್, ಇದನ್ನು ಬರೆಯುತ್ತಿರುವುದು ನಿನ್ನನ್ನು ಹಂಗಿಸಲು ಅಲ್ಲ. ಮೂರು ಸಾವಿರ ಕುದುರೆ ಬಲದ ಹಬೆ ಎಂಜಿನ್ನನ್ನು ಸದ್ದಿನಲ್ಲೇ ಅಳೆಯುವವನು ನೀನು, ಚೀಫ್ ಎಂಜಿನಿಯರರೇ ಬೇರಿಂಗಿನ ಬಿಸಿ ನೋಡಲು ನಿನ್ನ ಅಂಗೈಯನ್ನು ನಂಬುತ್ತಾರೆಂದು ಊರಿಗೆಲ್ಲ ಗೊತ್ತು. ಆ ರಟ್ಟು ನಿನ್ನ ಅಪ್ಪ ಕೊಟ್ಟದ್ದು. ಅಪ್ಪ ಕೊಟ್ಟದ್ದನ್ನು ಯಾರು ಅಳೆದು ನೋಡುತ್ತಾರೆ? ಅದನ್ನು ಎಸೆದಿಲ್ಲ, ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ.

ಹೊಸ ಪಾಯಿಂಟು ಕೂರಿಸಿ ಇಪ್ಪತ್ತಕ್ಕೆ ಸರಿಯಾಗಿ ಬಿಗಿದೆ. ಹೊಸ ಪ್ಲಗ್ಗುಗಳ ತುದಿಯನ್ನೂ ಒಂದೊಂದಾಗಿ ಅಳೆದು ಬಗ್ಗಿಸಿ ಹಾಕಿದೆ. ಡಬ್ಬಿಯಿಂದ ತೆಗೆದವನ್ನು ಹಾಗೆಯೇ ತಿರುಪಿಬಿಡಬಾರದಂತೆ, ಇದೂ ನಿನ್ನ ಕಿವಿಯಲ್ಲಿರಲಿ. ಉಳಿದದ್ದು ಕಿಡಿಯ ಹೊತ್ತು ಸರಿಪಡಿಸುವುದು. ಅದಕ್ಕೊಂದು ವಿಶೇಷ ದೀಪ ಬೇಕು, ಅದು ಊರಿನಲ್ಲಿ ಇರುವುದು ಆರ್ವಿಲ್ ಬಳಿ. ಕೇಳಲು ಹೋದಾಗ ಅವನು ಕೈಕಟ್ಟಿ ನಿಂತು, “ದೀಪ ಕೊಡ್ತೀನಿ, ಆದ್ರೆ ಅದನ್ನ ಎಲ್ಲಿಗೆ ಹಿಡೀತೀರಾ ಅಂತ ಗೊತ್ತಾ?” ಎಂದ. “ಎಂಜಿನ್ ಮುಂದಿರೋ ಚಕ್ರದ ಮೇಲಿನ ಗುರುತಿಗೆ. ಅದಕ್ಕೆ ಮುಂಚೆ ಗುರುತಿಗೆ ಸೀಮೆಸುಣ್ಣ ಬಳೀತೀನಿ” ಎಂದೆ. ಆರ್ವಿಲ್ ಕಟ್ಟಿದ್ದ ಕೈ ಬಿಚ್ಚಿದ. ದೀಪ ಕೊಟ್ಟದ್ದಲ್ಲದೆ ಸಂಜೆ ತಾನೇ ಬಂದು ಷೆಡ್ಡಿನ ಹೊರಗೆ ನಿಂತ, ಸಹಾಯಕ್ಕಲ್ಲ, ನೋಡಲು.

ಆ ದೀಪದ ಮಾಯೆಯನ್ನು ನೀನು ನೋಡಬೇಕು. ಗಿರ್ರನೆ ತಿರುಗುವ ಚಕ್ರ ಅದರ ಬೆಳಕಿನಲ್ಲಿ ನಿಂತೇ ಇರುವಂತೆ ಕಾಣುತ್ತದೆ. ನಾನು ಬಳಿದ ಬಿಳಿ ಗೆರೆ ಇರಬೇಕಾದ ಜಾಗದಿಂದ ಅಷ್ಟು ದೂರದಲ್ಲಿತ್ತು, ಪೂಜೆ ಮುಗಿಯುವ ಹೊತ್ತಿಗೆ ಚರ್ಚಿಗೆ ಬರುವವರಂತೆ. ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿದೆ, ಗೆರೆ ಸರಿಯಿತು. ಇನ್ನೊಂದಿಷ್ಟು ತಿರುಗಿಸಿದೆ. ಗೆರೆ ಬಂದು, ಸರಿಯಾದ ಜಾಗ ತೋರುವ ಮುಳ್ಳಿನ ಎದುರು ನಿಂತಿತು. ಆ ಕ್ಷಣಕ್ಕೆ ಎಂಜಿನ್ನಿನ ಸದ್ದೇ ಬದಲಾಯಿತು. ಎಂಟು ವರ್ಷದಿಂದ ಅದು ಗೊಣಗುತ್ತಿತ್ತು, ನಾವು ಅದನ್ನೇ ಅದರ ಮಾತು ಎಂದುಕೊಂಡಿದ್ದೆವು. ಈಗ ನನ್ನ ಹೊಲಿಗೆಯಂತ್ರ ರೇಷ್ಮೆಯ ಮೇಲೆ ಓಡುವಾಗ ಬರುವ ಸದ್ದು. ನಿನ್ನಮ್ಮ ಕುರ್ಚಿಯಿಂದಲೇ “ಆಫ್ ಮಾಡಿದ್ಯಾ?” ಎಂದು ಕೇಳಿದರು. “ಇಲ್ಲಮ್ಮ, ಓಡ್ತಾ ಇದೆ” ಎಂದೆ. ಬಂದು ಮುಂಭಾಗದ ಮೇಲೆ ಅಂಗೈಯಿಟ್ಟು ನೋಡಿ ಆಮೇಲೆ ನಂಬಿದರು. ಆರ್ವಿಲ್ ಮಾತ್ರ ಬಾಗಿಲಿಗೆ ಒರಗಿ ನಿಂತು, “ಎಂಜಿನ್ ಸುಸ್ತಾಗಿರ್ಲಿಲ್ಲ ಅನ್ಸುತ್ತೆ” ಎಂದ. “ಇಲ್ಲ, ನೋಡೋರು ಸುಸ್ತಾಗಿದ್ರು” ಎಂದರು ನಿನ್ನಮ್ಮ.

ಮಾರನೆಯ ದಿನ ನಾವಿಬ್ಬರೂ ಕಲ್ಲುಗಣಿಯ ಗುಡ್ಡಕ್ಕೆ ಹೋದೆವು. ನಿನಗೇ ಗೊತ್ತಲ್ಲ, ಅರ್ಧ ಗುಡ್ಡಕ್ಕೆ ಬರುವಾಗ ಪ್ಲಿಮತ್ ಏದುಸಿರು ಬಿಡುತ್ತಿತ್ತು, ನೀನು ಎರಡನೇ ಗೇರಿಗೆ ಇಳಿಸುತ್ತಿದ್ದೆ, ನಾವೆಲ್ಲ ಮುಂದಕ್ಕೆ ಬಾಗಿ ಕುಳಿತುಕೊಳ್ಳುತ್ತಿದ್ದೆವು, ಬಾಗಿದರೆ ಕಾರಿಗೆ ಹಗುರವಾದೀತೆಂದು. “ಅದರ ಸ್ವಭಾವವೇ ಹಾಗೆ” ಎನ್ನುತ್ತಿದ್ದೆ ನೀನು. ಈ ಸಲ ಮೂರನೇ ಗೇರಿನಲ್ಲೇ ಹತ್ತಿಸಿದೆ. ಅರ್ಧ ಗುಡ್ಡ ಬಂತು, ಅಭ್ಯಾಸಬಲದಿಂದ ನಾವಿಬ್ಬರೂ ಬಾಗಿದೆವು. ಪ್ಲಿಮತ್ ನಮ್ಮನ್ನು ಕೇಳಲೇ ಇಲ್ಲ, ಸುಮ್ಮನೆ ಹತ್ತಿತು. ತುದಿಯಲ್ಲಿ ನಿಲ್ಲಿಸಿದೆ. ಕೆಳಗೆ ಹ್ಯೂರನ್ ಸರೋವರ ಬಿಸಿಲಿಗೆ ಹರಡಿಕೊಂಡಿತ್ತು, ದೂರದಲ್ಲಿ ಯಾವುದೋ ಹಡಗಿನ ಹೊಗೆ. ನಿನ್ನಮ್ಮ ಬಾಗಿದ್ದವರು ನೆಟ್ಟಗಾಗಿ, ಕೋಟು ಸರಿಪಡಿಸಿಕೊಂಡು, “ಹಾಗಾದ್ರೆ ನಾನು ದಪ್ಪ ಇರ್ಲಿಲ್ಲ” ಎಂದರು. ಇಳಿಯುವಾಗ ನನ್ನ ಉಗುರುಸಂದಿನ ಕರಿ ನೋಡಿಕೊಂಡೆ. ನಿಜ ಹೇಳಲೇ? ನಮ್ಮ ಮದುವೆಯ ದಿನ ಕೈಗೆ ಹಾಕಿಕೊಂಡಿದ್ದ ಬಿಳಿ ಗ್ಲೌಸಿನ ಮೇಲೂ ನನಗೆ ಅಷ್ಟು ಹೆಮ್ಮೆ ಇರಲಿಲ್ಲ. ಬ್ರಷ್ಷು ಹಾಕಿ ಉಜ್ಜದೆ ಹಾಗೆಯೇ ಚರ್ಚಿಗೆ ಹೋದೆ.

ಅಂದಿನಿಂದ ಅರ್ಲೀನ್ ತನ್ನ ಗಂಡನ ಫೋರ್ಡನ್ನು ನೋಡು ಎಂದು ದುಂಬಾಲು ಬಿದ್ದಿದ್ದಾಳೆ. ಅವಳ ಗಂಡನೂ ನಿನ್ನಂತೆ ನೀರ ಮೇಲೆ. ಬುಧವಾರ ಅವಳಿಗೇ ಪಾನಾ ಹಿಡಿಸಿ, ಪಕ್ಕದಲ್ಲಿ ನಿಂತು ಹೇಳಿಕೊಟ್ಟೆ. ಒಂದೇ ಬಾರಿಗೆ ಎರಡು ತಂತಿ ಕೀಳಲು ಹೋದಳು, ನಿನ್ನಮ್ಮ ಅಷ್ಟು ದೂರದಿಂದಲೇ ಕೂಗಿ ನಿಲ್ಲಿಸಿದರು.

ಒಂದನ್ನು ಮಾತ್ರ ನಾನು ಮುಟ್ಟಿಲ್ಲ. ವಾಲ್ವುಗಳ ಸಂದು ಸರಿಪಡಿಸುವ ಕೆಲಸವಿದೆ, ಎಂಜಿನ್ ಬಿಸಿಯಿರುವಾಗಲೇ ಮಾಡಬೇಕಂತೆ, ಇಕ್ಕಟ್ಟಿನ ಜಾಗದಲ್ಲಿ ಕೈ ಸುಟ್ಟುಕೊಂಡು. ಇಬ್ಬರಿದ್ದರೆ ವಾಸಿ ಎಂದಿದೆ ಪುಸ್ತಕ. ಬಿಸಿ ಕಬ್ಬಿಣ ಮುಟ್ಟಿಯೂ ಹೌಹಾರದವರು ಈ ಮನೆಯಲ್ಲಿ ಒಬ್ಬರೇ. ಜನವರಿಯಲ್ಲಿ ನೀನು ಪಾನಾ ಹಿಡಿ, ನಾನು ಅಳತೆಯ ಪಟ್ಟಿ ಹಿಡಿಯುತ್ತೇನೆ. ಇದು ನಿನ್ನ ಮನಸ್ಸು ನೋಯಬಾರದೆಂದು ಕೊಡುತ್ತಿರುವ ಮಿಠಾಯಿ ಎಂದುಕೊಳ್ಳಬೇಡ. ಪುಟ ಇನ್ನೂರ ಹದಿನಾಲ್ಕು, ಬೇಕಾದರೆ ನೀನೇ ಓದಿ ನೋಡು.

ಮುಂಗೈಗೆ ಬಟ್ಟೆ ಸುತ್ತಿಕೊಂಡು ಕೆಲಸ ಮಾಡು. ಗಾಳಿ ಜೋರಿರುವಾಗ ಡೆಕ್ಕಿನ ಮೇಲೆ ಹಗ್ಗ ಹಿಡಿಯದೆ ಓಡಾಡಬೇಡ. ನಿನ್ನಮ್ಮ, ನಿನ್ನ ಹಣೆಗೆ ಶಿಲುಬೆಯ ಗುರುತು ಹಾಕಿ ಕಳಿಸಿದ್ದೇನೆಂದು ಬರೆಯಲು ಹೇಳಿದ್ದಾರೆ. ಡೊಲೊರೆಸಳ ಮುತ್ತು, ಉಪ್ಪಿನ ಬಗ್ಗೆ ಎಚ್ಚರಿಕೆ ಸಹಿತ. ಒಳ್ಳೆಯ ಗಾಳಿ, ಒಳ್ಳೆಯ ನೀರು ನಿನ್ನ ಪಾಲಿಗಿರಲಿ.

ನಿನ್ನ
ಜೆನ್

ಮರೆತ ಮಾತು: ಅಂಚೆ ಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಈ ಹೊತ್ತಿಗೆ ಹಾಕದಿದ್ದರೆ ನಿಮ್ಮ ಹಡಗುಗಳಿಗೆ ಕಾಗದ ಮುಟ್ಟಿಸುವ ಡೆಟ್ರಾಯಿಟ್‌ನ ಅಂಚೆ ದೋಣಿಗೆ ಸಿಗುವುದಿಲ್ಲ, ಬೇಗ ಬೇಗ ಬರೆಯುತ್ತೇನೆ. ಮರೆತದ್ದಲ್ಲ, ಹೇಗೆ ಹೇಳುವುದೆಂದು ತಿಳಿಯದೆ ಉಳಿಸಿಕೊಂಡದ್ದು. ಗುರುವಾರ ನಾವಿಬ್ಬರೂ ನಿನ್ನ ಹಡಗು ಲಾಕು ದಾಟುವ ಸೂ ಊರಿಗೆ ಹೋಗಿದ್ದೆವು. ಹೌದು, ನೂರು ಮೈಲಿ, ದೊಡ್ಡ ಸೇತುವೆ ದಾಟಿ. ನಿನ್ನಮ್ಮ ಸೇತುವೆಯುದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದರು, ಪ್ಲಿಮತ್ ಒಮ್ಮೆಯೂ ಕೆಮ್ಮಲಿಲ್ಲ. ನಿನ್ನ ಹಡಗು ಯಾವಾಗ ದಾಟುತ್ತದೆಂದು ಫೋನು ಮಾಡಿ ಕೇಳಿಕೊಂಡಿದ್ದೆ. ಹಡಗನ್ನು ಮೇಲಿನ ಸರೋವರದ ಮಟ್ಟಕ್ಕೆ ಎತ್ತುವ ಆ ಲಾಕಿನ ತೊಟ್ಟಿಯೊಳಗೆ ನೀರು ತುಂಬುತ್ತಾ ನಿನ್ನ ಹಡಗು ನಮ್ಮ ಕಣ್ಣೆದುರೇ ನೆಲದೊಳಗಿಂದ ಮೆಲ್ಲಗೆ ಮೇಲೆದ್ದು ಬಂತು, ಬೇಲಿಯಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರಕ್ಕೆ. ಬೇರೆ ಹೆಂಗಸರೆಲ್ಲ ತಂತಮ್ಮ ಗಂಡಂದಿರನ್ನು ಕೂಗುತ್ತಿದ್ದರು. ನಾನೂ ಕೂಗಿದೆ. ಡೆಕ್ಕಿನ ಮೇಲಿದ್ದ ಕೆಂಪು ಗಡ್ಡದವನೊಬ್ಬ ಹೇಳಿದ: “ಕ್ಲೆಮ್ ಕೆಳಗೆ ಎಂಜಿನ್ ರೂಮಲ್ಲಿದ್ದಾನಮ್ಮ. ಸೂ ಬಂದ್ರೆ ಯಾವಾಗ್ಲೂ ಅವನೇ ಕೆಳಗಿರ್ತಾನೆ, ನಮ್ಮ ಪಾಳೀನೂ ತಾನೇ ಮಾಡ್ತಾನೆ. ‘ನೀವು ಹೋಗಿ, ನನ್ನ ನೋಡೋಕೆ ಯಾರೂ ಬರಲ್ಲ’ ಅಂತಾನೆ.” ಯಾರು ಬಂದಿದ್ರು ಅಂತ ಹೇಳ್ಲಿ ಎಂದು ಅವನು ಕೇಳಿದ. ಹೇಳಬೇಡ, ನಾನೇ ಬರೆಯುತ್ತೇನೆ ಎಂದೆ. ಮೂವತ್ತಡಿ ಮೇಲೆ ನಾವಿದ್ದೆವೆಂದು ಅಲ್ಲಿ ಬೆಂಕಿಯ ಮುಂದೆ ನಿನಗೆ ಗೊತ್ತಾಗುವುದು ಬೇಡವೆನ್ನಿಸಿತು. ಗುರುವಾರ ರಾತ್ರಿಯೂಟಕ್ಕೆ ನೀವು ತಿಂದ ಗಸಗಸೆ ಸುರುಳಿ ನಿಮ್ಮ ಅಡುಗೆಯವನದಲ್ಲ, ಕ್ಲೆಮ್, ಬೇಲಿಯಾಚೆಯಿಂದ ಆ ಕೆಂಪು ಗಡ್ಡದವನ ಕೈಗೆ ನಾವು ಕೊಟ್ಟದ್ದು. ನಿನ್ನಮ್ಮನದು. ಮುಂದಿನ ಶನಿವಾರ ಅಥವಾ ಭಾನುವಾರ ನೀನು ಮೇಲಕ್ಕೆ ಬರುತ್ತಾ ಮತ್ತೆ ಸೂ ದಾಟುತ್ತೀಯ. ಆ ಹೊತ್ತಿಗೆ ನಿನ್ನ ಪಾಳಿಯನ್ನು ಬೇರೆ ಯಾರಿಗಾದರೂ ಕೊಡು, ಹತ್ತೊಂಬತ್ತು ವರ್ಷದ ಸಾಲ ಅವರೆಲ್ಲರ ಮೇಲಿದೆ. ಎಡಗಡೆಯ ಕಂಬಿಯ ಹತ್ತಿರ ಬಂದು ನಿಲ್ಲು. ನಿನ್ನನ್ನು ನೋಡಲು ಜನ ಬರುತ್ತಾರೆ.